ಎಲ್ಲ ಡಿಸ್ಕೂ ಒಂದೇ ಗೂಟಕ್ಕೆ

ನನ್ನ ಗಂಡನ ಅಣ್ಣನಷ್ಟು ಹಟಮಾರಿಯನ್ನು ಹನುಮಂತನಗರದಿಂದ ಮಲ್ಲೇಶ್ವರದವರೆಗೆ ಹುಡುಕಿದರೂ ಸಿಗುವುದಿಲ್ಲ. ಚಾಮರಾಜಪೇಟೆಯಲ್ಲಿ ನಾನೂ ಅವರೂ ಸೇರಿ ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತೇವೆ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ನಮ್ಮದರಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಸಾಲದು, ಅದನ್ನು ಯಾವುದಾದರೂ ಫೋಲ್ಡರಿಗೆ ತಗುಲಿಹಾಕಬೇಕು. ಆಮೇಲೆ ಆ ಫೋಲ್ಡರ್ ತೆರೆದರೆ ಡ್ರೈವ್‌ನಲ್ಲಿರುವುದು ಕಾಣುತ್ತದೆ. ಯಾವ ಫೋಲ್ಡರಿಗೆ? ನಮ್ಮ ಜಗಳವೆಲ್ಲ ಇದೊಂದಕ್ಕೇ.

ಭಾವ ಯಾರ ಡಿಸ್ಕ್ ಬಂದರೂ ನೇರ /mnt ಎಂಬ ಫೋಲ್ಡರಿಗೇ ತಗುಲಿಸುತ್ತಿದ್ದರು, ಮನೆಮಂದಿಯ ಬಟ್ಟೆಯೆಲ್ಲ ಒಂದೇ ಗೂಟಕ್ಕೆ ಸಿಕ್ಕಿಸಿದ ಹಾಗೆ.

"ತಾತ್ಕಾಲಿಕಕ್ಕೆ ಅಂತಲೇ ಇರೋ ಜಾಗ ಕಣಮ್ಮ ಅದು. ಮೊದಲಿಂದ್ಲೂ ಅಲ್ಲೇ."

"ಹೌದು ಭಾವ. ಆದ್ರೆ /media ಅನ್ನೋ ಫೋಲ್ಡರ್ ಒಳಗೆ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಫೋಲ್ಡರ್ ಮಾಡಿದ್ರೆ ಯಾರದ್ದು ಎಲ್ಲಿದೆ ಅಂತ ಗೊತ್ತಾಗುತ್ತೆ."

"ಇರೋರು ನಾವಿಬ್ರು. ಅಷ್ಟೆಲ್ಲ ಯಾಕೆ?"

ಭಾವನಿಗೆ ಎದುರಾಡುವ ಹಾಗಿಲ್ಲ. ಒಳಗೊಳಗೇ ಕುದಿಯುತ್ತಾ ಕೀಬೋರ್ಡ್ ಕುಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಅವತ್ತು ಸಂಜೆಯೇ ಅವಳ ರಂಗಪ್ರವೇಶ, ತಲೆಗೆ ಆಗಲೇ ಹೂ ಮುಡಿದಾಗಿತ್ತು. ನೃತ್ಯದ ಹಾಡುಗಳನ್ನು ಹಿಂದಿನ ದಿನವೇ ಭಾವ ಅವಳ ಪೆನ್ ಡ್ರೈವಿಗೆಂದು /mntಗೆ ಉಳಿಸಿ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನು ಅಳಿಸಿದ್ದರು. ಹಾಡಿದವರು ಸಂಗೀತ ಕಛೇರಿಗೆಂದು ಪರವೂರಿಗೆ ಹೋಗಿದ್ದರು, ಮತ್ತೆ ಹಾಡಿಸುವ ಹಾಗಿರಲಿಲ್ಲ. ಕೊಡುವ ಮುಂಚೆ ಪೆನ್ ಡ್ರೈವ್ ನೋಡಿದರೆ ಖಾಲಿ! /mnt ತೆರೆದರೆ ಯಾರದ್ದೋ ಗೃಹಪ್ರವೇಶದ ವಿಡಿಯೋ.

"ಆಂಟಿ, ಹಾಡೇ ಇಲ್ದೆ ಹೇಗೆ ಡ್ಯಾನ್ಸ್ ಮಾಡ್ಲಿ?" ಹುಡುಗಿಯ ಕಣ್ಣು ತುಂಬಿತು.

ಆಗಿದ್ದೇನೆಂದು ನನಗೆ ಹೊಳೆಯಿತು. ಉಳಿಸುವಾಗ ಭಾವ ಅವಳ ಡ್ರೈವನ್ನು ತಗುಲಿಸಲು ಮರೆತಿದ್ದಾರೆ. ಹಾಡುಗಳು ಬರೀ ಫೋಲ್ಡರಿಗೆ ಬಿದ್ದಿವೆ. ಅದರ ಮೇಲೆ ಗೃಹಪ್ರವೇಶದವರ ಡಿಸ್ಕ್ ಬಂದು ಕೂತಿರುವುದರಿಂದ ಕೆಳಗಿನದು ಕಾಣುತ್ತಿಲ್ಲ. ಮೇಲಿನದನ್ನು ಬಿಡಿಸಿದರೆ ಆಯಿತು. ಭಾವನಿಗೂ ಇದನ್ನೇ ಹೇಳಿದೆ.

"ಗೃಹಪ್ರವೇಶದ ವಿಡಿಯೋ ಕಾಪಿ ಆಗ್ತಾ ಇದೆ. ಮಧ್ಯದಲ್ಲಿ ತೆಗೀಬಾರ್ದು," ಎಂದರು.

"ಅದನ್ನ ಆಮೇಲೆ ಮಾಡ್ಕೊಳ್ಳಿ ಭಾವ."

"ಸ್ವಲ್ಪ ತಡಿ ಅಂದ್ನಲ್ಲ." ಕುರ್ಚಿ ಬಿಟ್ಟು ಕದಲಲಿಲ್ಲ.

ನನ್ನ ತಾಳ್ಮೆ ಕೆಟ್ಟಿತು. "ಏನ್ ಕರ್ಮ ಭಾವ ಇದು! ಮಗು ಅಳ್ತಾ ನಿಂತಿದೆ, ಏಳಿ ಮೇಲೆ!" ಎಂದು ಕಿರುಚಿದೆ. ಮದುವೆಯಾಗಿ ಬಂದಾಗಿನಿಂದ ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಅವರು ಎದ್ದರು. ಪರದೆ ನೋಡಿದರೆ ಕಾಪಿ ಯಾವಾಗಲೋ ಮುಗಿದಿತ್ತು.

ಮೈಯೆಲ್ಲ ಉರಿದುಹೋಯಿತು. ಡಿಸ್ಕ್ ಬಿಡಿಸಿ /mnt ತೆರೆದೆ. ಹಾಡುಗಳು ಒಂದೂ ಬಿಡದೆ ಅಲ್ಲೇ ಇದ್ದವು. ಸದ್ಯ! ಪೆನ್ ಡ್ರೈವಿಗೆ ಹಾಕಿ, ಕೇಳಿಸಿಯೇ ಕೊಟ್ಟೆ. ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ಆಟೋ ಹತ್ತಿದಳು.

ಇವತ್ತು ಇವರನ್ನು ಬಿಡುವುದಿಲ್ಲ ಎಂದುಕೊಂಡೇ ಒಳಗೆ ಬಂದೆ. "ಮುಗಿದಿದ್ರೂ ಯಾಕೆ ಭಾವ ಸುಳ್ಳು ಹೇಳಿದ್ರಿ?"

ಭಾವ ಗೋಡೆಗೆ ಒರಗಿ ನಿಂತಿದ್ದರು. "ಬಿಡಿಸಿದ್ಮೇಲೆ ಕೆಳಗೂ ಏನೂ ಇಲ್ದಿದ್ರೆ?" ಎಂದರು. "ಬಿಡಿಸೋವರೆಗೂ ಇದೆ ಅಂತಾದ್ರೂ ಅಂದ್ಕೋಬಹುದಿತ್ತು. ಆ ಮಗೂಗೆ ಇಲ್ಲ ಅಂತ ನಾನು ಹೇಗಮ್ಮ ಹೇಳ್ಲಿ?"

ಬೈಯಲೆಂದು ಬಂದವಳು ಒಂದು ಲೋಟ ನೀರು ತಂದುಕೊಟ್ಟೆ.