ಡ್ರೈವರ್ ಹೇಳಿದ ಅರಮನೆ

ಪ್ರವಾಸಿ ಬಸ್ಸಿನ ಡ್ರೈವರ್ ಬೆಳಗ್ಗೆ ಗಾಡಿ ಹತ್ತುವ ಮುಂಚೆ ಮುಂದಿನ ಗಾಜನ್ನು ತನ್ನ ಕರವಸ್ತ್ರದಿಂದ ಒರೆಸದೆ ಬಿಡುತ್ತಿರಲಿಲ್ಲ. ಗಾಜಿನ ಮೇಲೆ ಧೂಳಿದೆಯೋ ಇಲ್ಲವೋ, ಅದು ಬೇರೆ ಮಾತು.

ಊರು ನೋಡಲು ಬಂದವರನ್ನು ಅವನು ವರ್ಷಗಟ್ಟಲೆ ಅರಮನೆ, ಗೋಪುರ, ವಸ್ತುಸಂಗ್ರಹಾಲಯ ಎಂದು ಸುತ್ತಿಸಿದ್ದ. ಒಂದರೊಳಗೂ ಕಾಲಿಟ್ಟಿರಲಿಲ್ಲ. ಬಸ್ಸು ಕಣ್ಣಿಗೆ ಮರೆಯಾಗಬಾರದೆಂಬುದು ಕಂಪನಿಯ ನಿಯಮ. ಆದರೆ ದೇವರು ಬಾಯಿ ಕೊಟ್ಟಿದ್ದನಲ್ಲ, ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಬಣ್ಣಿಸುತ್ತಿದ್ದ. ಅರಮನೆಯೊಳಗೆ ಅಮೃತಶಿಲೆಯ ಮೆಟ್ಟಿಲು, ಬಾಗಿಲಿನಷ್ಟು ಎತ್ತರದ ಗಡಿಯಾರ! ಅವಳು ಅದನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುತ್ತಿದ್ದಳು. ಬೀದಿಯಲ್ಲಿ ಅವನ ಮಾತಿಗೆ ತೂಕವಿತ್ತು.

ಒಂದು ದಿನ ಬಸ್ಸಿನಲ್ಲಿ ಸೀಟೊಂದು ಖಾಲಿ ಉಳಿಯಿತು. ಗೈಡಮ್ಮ ಒಳ್ಳೆಯ ಮನಸ್ಸಿನಿಂದಲೇ ಅವನ ಹೆಂಡತಿಯನ್ನು ಕರೆಸಿಕೊಂಡಳು. ಡ್ರೈವರನ ಮಾನಕ್ಕೇ ಸಂಚಕಾರ ತಂದೆನೆಂದು ಆಕೆಗೆ ಹೇಗೆ ಗೊತ್ತಾಗಬೇಕು? ಹೆಂಡತಿ ಅರಮನೆಯೊಳಗೆ ಇದ್ದಷ್ಟು ಹೊತ್ತೂ ಅವನು ಸ್ಟೀರಿಂಗ್ ಹಿಡಿದು ಬೆವರುತ್ತ ಕೂತಿದ್ದ. ಹೊರಗೆ ಬಂದವಳು ಅವನತ್ತ ನೋಡದೆ ಹೋಗಿ ತನ್ನ ಸೀಟಿನಲ್ಲಿ ಕೂತಳು. ಬೈದಿದ್ದರೇ ವಾಸಿ ಎನಿಸಿತು ಅವನಿಗೆ.

ಸಂಜೆ ಬಸ್ಸು ನಗರದ ಚೌಕಕ್ಕೆ ಬಂತು. ದಿನವೆಲ್ಲ ಅಲೆದು ಸುಸ್ತಾದವರು ಕಾರಂಜಿಯ ಸುತ್ತ ಕಾಲು ಚಾಚಿ ಕೂತರು. ಹೆಂಡತಿ ಕಲ್ಲುಬೆಂಚಿನ ಮೇಲೆ ಚಪ್ಪಲಿ ಕಳಚಿ ಹಿಮ್ಮಡಿ ನೀವಿಕೊಳ್ಳುತ್ತಿದ್ದಳು. ಬಸ್ಸು ಅಲ್ಲಿಂದ ಕಾಣುತ್ತಿದ್ದುದರಿಂದ ಡ್ರೈವರನೂ ಪಕ್ಕದಲ್ಲಿ ಕೂತ.

“ರೀ, ಆ ಗಡಿಯಾರ ಎಲ್ಲಿತ್ತು?”

“ರಿಪೇರಿಗೆ ಕಳಿಸಿರ್ಬೇಕು.”

“ಮೆಟ್ಟಿಲನ್ನೂ ರಿಪೇರಿಗೆ ಕಳಿಸಿದ್ರಾ? ಅಲ್ಲಿದ್ದದ್ದು ಮರದ್ದು. ಕಾಲಿಟ್ರೆ ಕಿರ್ ಅಂತಿತ್ತು.”

ಡ್ರೈವರ್ ಕಾರಂಜಿಯನ್ನು ಜೀವನದಲ್ಲೇ ಮೊದಲ ಸಲ ಕಂಡವನಂತೆ ನೋಡತೊಡಗಿದ.

“ಪಕ್ಕದ್ಮನೆಯವ್ರು ಕಾಯ್ತಿರ್ತಾರೆ. ಏನಂತ ಹೇಳ್ಲಿ?” ಎಂದಳು ಹೆಂಡತಿ.

“ನೋಡಿದ್ದು ಹೇಳು,” ಎಂದ ಅವನು, ತಗ್ಗಿದ ದನಿಯಲ್ಲಿ.

“ನೋಡಿದ್ದು ಹೇಳಿ ನಿಮ್ಮ ಮಾನ ಕಳೀಲಾ? ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ಬಂದೋಳು ನಾನು. ನೀವು ಹೇಳಿದ್ದಕ್ಕಿಂತ ಗಡಿಯಾರ ಇನ್ನೂ ದೊಡ್ಡದಾಗಿತ್ತು ಅಂತೀನಿ, ಸುಮ್ನಿರಿ.”

ಅಷ್ಟರಲ್ಲಿ ಗೈಡಮ್ಮ ಇಬ್ಬರಿಗೂ ಚಹಾ ಹಿಡಿದು ಬಂದಳು. “ಅಣ್ಣ, ಇಷ್ಟು ವರ್ಷದಲ್ಲಿ ನೀವು ಒಂದ್ಸಲಾನೂ ಅರಮನೆ ಒಳಗೆ ಹೋಗಿಲ್ವಲ್ಲ. ನಾಳೆ ಬಸ್ ಹತ್ರ ನಾನು ನಿಂತಿರ್ತೀನಿ, ನೀವು ಹೋಗಿ ನೋಡ್ಕೊಂಡು ಬನ್ನಿ.”

ಹೆಂಡತಿ ನಗು ನುಂಗಿಕೊಂಡು ಚಹಾ ಊದಿದಳು.

“ಬೇಡಮ್ಮ,” ಎಂದ ಡ್ರೈವರ್. “ಒಂದ್ಸಲ ನೋಡ್ಬಿಟ್ರೆ ಆಮೇಲೆ ಇದ್ದದ್ದನ್ನೇ ಹೇಳ್ತಾ ಕೂರ್ಬೇಕಾಗತ್ತೆ.”