ಹೂರಣದ ಯಂತ್ರದಲ್ಲಿ ಐಸ್‌ಕ್ರೀಮ್

ಖರೆ ಹೇಳಿ, ಏಕಾದಶಿಯ ದಿನ ನೀವು ಎಂದಾದರೂ ಐಸ್‌ಕ್ರೀಮ್ ತಿಂದಿದ್ದೀರಾ? ಹೇಳಿ, ಹೇಳಿ. ನಾನೇನು ಯಾರ ಮುಂದೂ ಬಾಯಿ ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಹೋದ ವಾರ ಒಬ್ಬರು ತಿಂದರು. ಅದೂ ಎಂಥವರು? ಎಂಬತ್ತೊಂದು ವರ್ಷದಲ್ಲಿ ಒಮ್ಮೆಯೂ ಬೆಳ್ಳುಳ್ಳಿ ಮುಟ್ಟದ, ಬಸ್‌ಸ್ಟ್ಯಾಂಡಿನ ಚಹಾ ಕೂಡ ಕುಡಿಯದ ನಮ್ಮ ಇಂದಕ್ಕ!

ಇಂದಕ್ಕ ನನ್ನ ಯಜಮಾನರ ಅಕ್ಕ. ಮದುವೆಯಾಗಲಿಲ್ಲ. ಸವದತ್ತಿಯಲ್ಲಿ ಸಂಸ್ಕೃತ ಕಲಿಸಿ ರಿಟೈರ್ ಆದ ಮೇಲೆ ಬೈಲಹೊಂಗಲದ ನಮ್ಮ ಮನೆಯಲ್ಲೇ ಇದ್ದಾರೆ. ಮಡಿ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. (ಈ ಬ್ರಾಕೆಟ್ ಫೋನಿನಲ್ಲಿ ಎಲ್ಲಿರುತ್ತದೆ ಎಂದು ಸೊಸೆ ಶುಭಾ ಮೊನ್ನೆಯಷ್ಟೇ ತೋರಿಸಿದ್ದಾಳೆ. ಇನ್ನು ಸಿಕ್ಕಸಿಕ್ಕಲ್ಲಿ ಹಾಕುತ್ತೇನೆ, ಸಹಿಸಿಕೊಳ್ಳಿ.)

ಯಾವುದೋ ಗುಳಿಗೆಯ ಉಷ್ಣಕ್ಕೆ ಇಂದಕ್ಕನ ಬಾಯಿ ತುಂಬ ಹುಣ್ಣಾದವು. ಗಂಜಿ ಉರಿಯುತ್ತದೆ, ಮಜ್ಜಿಗೆ ಚುಚ್ಚುತ್ತದೆ. ನಾಲ್ಕು ದಿನ ಬರೀ ನೀರು. ಐದನೆಯ ದಿನ ಬೆಳಿಗ್ಗೆ ಡಾಕ್ಟರು ಮನೆಗೇ ಬಂದರು.

"ತಣ್ಣಗ, ಮೆತ್ತಗ ಏನರೆ ಹೊಟ್ಟಿಗೆ ಹೋಗ್ಲಿ. ಐಸ್‌ಕ್ರೀಮ್ ಕೊಟ್ರೂ ನಡೀತದ. ಸಂಜಿಗೆ ಬಂದು ನೋಡ್ತೀನಿ. ಏನೂ ತಿಂದಿರಲಿಲ್ಲಾಂದ್ರ ಅಡ್ಮಿಟ್ ಮಾಡಿ ಸಲಾಯಿನ್ ಹಚ್ಚೂದ."

ಇಂದಕ್ಕ ಮಲಗಿದಲ್ಲಿಂದಲೇ ಕೈ ಆಡಿಸಿದರು. "ಅಂಗಡಿ ಐಸ್‌ಕ್ರೀಮಿನಾಗ ತತ್ತಿ ಹಾಕಿರ್ತಾರ. ಮತ್ತ ಇವತ್ತ ಏಕಾದಶಿ. ಹೆಂಗೂ ಉಪವಾಸ, ಬಿಡ್ರಿ."

ನಗುತ್ತಲೇ ಹೇಳಿದರು. ಆದರೆ ಆ ಕೈ ಎತ್ತಿದಾಗ ಗಡಿಯಾರ ಮಣಿಕಟ್ಟಿನಿಂದ ಮೊಳಕೈವರೆಗೆ ಜಾರಿತು. ನನಗೆ ನಗು ಬರಲಿಲ್ಲ.

ಹಣ್ಣು ಏಕಾದಶಿಗೆ ನಡೆಯುತ್ತದೆ ತಾನೇ? ಹಾಗಾದರೆ ಹಣ್ಣಿನದೇ ಐಸ್‌ಕ್ರೀಮ್ ಮಾಡಿದರೆ? ಕಿತ್ತೂರಿನಿಂದ ಬಂದ ಆಪೂಸ್ ಮಾವು ಮನೆಯಲ್ಲಿತ್ತು, ಆದರೆ ಹುಳಿ ಹುಣ್ಣಿಗೆ ತಾಗೀತು. ಬಾಳೆಹಣ್ಣು, ಚಿಕ್ಕು ತೆಗೆದುಕೊಂಡೆ. ಚೆನ್ನಾಗಿ ಕಿವುಚಿ, ಸ್ಟೀಲ್ ಡಬ್ಬಿಯಲ್ಲಿ ಒತ್ತಿ ಒತ್ತಿ ತುಂಬಿ ಫ್ರೀಜರಿಗೆ ಇಟ್ಟೆ. ಮಧ್ಯಾಹ್ನ ತೆಗೆದರೆ ಏನು? ಕಲ್ಲು! ಚಮಚ ಬಾಗಿತು, ಹಣ್ಣು ಬಾಗಲಿಲ್ಲ.

ಶುಭಾ ತಾನು ಕಲಿಸುವ ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದಳು. ಫೋನಿನಲ್ಲಿ ಹುಡುಕಿ ಹಣೆ ಚಚ್ಚಿಕೊಂಡಳು. "ಅತ್ಯಾ, ತೆಳ್ಳಗ ಹೆಚ್ಚಿ, ಬಿಡಿಬಿಡಿ ಮಾಡಿ ತಾಟಿನಾಗ ಇಡಬೇಕಿತ್ತರೀ. ಗಟ್ಟಿ ಆದಮ್ಯಾಲೆ ಮಿಕ್ಸರಿನಾಗ ತಿರುವೂದು."

ಮತ್ತೆ ಹೆಚ್ಚಿದೆವು, ಮತ್ತೆ ಇಟ್ಟೆವು. ನಾಲ್ಕೂವರೆಗೆ ಹಣ್ಣಿನ ಬಿಲ್ಲೆಗಳು ತಯಾರು. ಮಿಕ್ಸರಿನ ಮುಚ್ಚಳ ತೆಗೆದರೆ ಘಮ್ಮೆಂದು ನಿನ್ನೆಯ ಬೆಳ್ಳುಳ್ಳಿ ಚಟ್ನಿ! ಹುಣಸೆಹಣ್ಣು ಹಚ್ಚಿ ತಿಕ್ಕಿದೆವು, ನಿಂಬೆ ಹಚ್ಚಿ ತಿಕ್ಕಿದೆವು. ವಾಸನೆ ಜಗ್ಗಲಿಲ್ಲ.

ನಾನು ಮೆಲ್ಲಗೆ ಹೇಳಿದೆ: "ಹೇಳಲಿಲ್ಲಾಂದ್ರ ಆತಲಾ? ನಾಕ ದಿನ ಉಪವಾಸ ಇದ್ದವರಿಗೆ ವಾಸನಿ ಎಲ್ಲಿ ತಿಳೀತದ?"

(ಹೌದು, ಹೇಳಿದೆ. ಹೆದರಿದ್ದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?)

ಶುಭಾ ಮಿಕ್ಸರ್ ಬದಿಗೆ ಸರಿಸಿದಳು. "ಬ್ಯಾಡ್ರೀ ಅತ್ಯಾ. ಎದ್ದು ನೋಡ್ಲಿಕ್ಕೆ ಆಗದವರಿಗೆ ಮೋಸ ಮಾಡಿ ತಿನ್ನಸಬಾರದು."

ಅವಳು ಸ್ವತಃ ಬೆಳ್ಳುಳ್ಳಿ ಇಲ್ಲದೆ ಊಟ ಮಾಡದವಳು. ಮಡಿ, ಮೈಲಿಗೆ ಎಂದರೆ ಮೂಗು ಮುರಿಯುವವಳು. ಅಂಥವಳು ತಲೆಗೆ ನೀರು ಹಾಕಿಕೊಂಡು ಬಂದು, ಅಟ್ಟ ಹತ್ತಿ, ಹೋಳಿಗೆಗೆ ಬಿಟ್ಟರೆ ಇನ್ನಾವುದಕ್ಕೂ ಮುಟ್ಟದ ಹೂರಣದ ಯಂತ್ರವನ್ನು ಇಳಿಸಿದಳು. ಅದೇ, ಹಿಡಿಕೆ ತಿರುಗಿಸಿದರೆ ಬೇಳೆ ಬೆಲ್ಲ ನುಣ್ಣಗೆ ಕೆಳಗಿಳಿಯುತ್ತದಲ್ಲ, ಅದು. ಅತ್ತೆಯಾಗಿ ನಾನು ಆ ದಿನ ಕಲಿತದ್ದು ದೊಡ್ಡದು: ಒಬ್ಬರ ನೇಮವನ್ನು ಗೌರವಿಸಲು ನಾವೂ ಅದನ್ನು ಪಾಲಿಸಬೇಕೆಂದೇನಿಲ್ಲ.

ಮೊದಲ ಸುತ್ತಿಗೆ ಹಿಡಿಕೆ ಅಲುಗಲಿಲ್ಲ. ಐದು ನಿಮಿಷ ಬಿಟ್ಟು, ಚಾಕು ಇಳಿಯುವಷ್ಟು ಮೆತ್ತಗಾದ ಮೇಲೆ ತಿರುಗಿಸಿದೆ. ಬಂತು ನೋಡಿ! ಸುರುಳಿ ಸುರುಳಿಯಾಗಿ, ಬೆಣ್ಣೆಯ ಹಾಗೆ. ಅದನ್ನೇ ಇನ್ನೊಮ್ಮೆ ಹಾಕಿ ತಿರುಗಿಸಿದರೆ ಇನ್ನೂ ನುಣುಪು. ಹಾಲಿಲ್ಲ, ಸಕ್ಕರೆ ಇಲ್ಲ.

ತಿರುಗಿಸುತ್ತ ನನಗೆ ನೆನಪಾದದ್ದು ನನ್ನ ಮೊದಲ ಯುಗಾದಿ. ಹೊಸ ಸೊಸೆ ಕುಸುಮಾ, ಅಂದರೆ ನಾನು, ಮಾಡಿದ ಹೂರಣ ನೀರು ನೀರು. ಪಡಸಾಲೆಯಲ್ಲಿ ಹದಿನೆಂಟು ಜನ ಎಲೆ ಹಾಕಿಕೊಂಡು ಕುಳಿತಿದ್ದರು. ನನ್ನ ಅತ್ತೆಯವರು ಒಳಗೆ ಬಂದಾಗ ಇಂದಕ್ಕ ನನ್ನ ಕೈಯಿಂದ ಸೌಟು ಕಸಿದುಕೊಂಡು, "ನಾನ ಕೆಡಸೀನಿ, ಅಕಿಗೆ ಏನೂ ಅನಬ್ಯಾಡ" ಎಂದುಬಿಟ್ಟರು. ಬೈಗುಳ ಪೂರಾ ಅವರೇ ತಿಂದರು. ಐವತ್ತು ವರ್ಷದಲ್ಲಿ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. (ಬೇರೆಲ್ಲವನ್ನೂ ಆಡಿದ್ದಾರೆ.)

ಬಟ್ಟಲು ಹಿಡಿದು ಹೋದೆ. ವಿಚಾರಣೆ ಶುರುವಾಯಿತು.

"ತತ್ತಿ?"

"ಇಲ್ಲ."

"ಮಿಕ್ಸರ್?"

"ಇದಕ್ಕ ಹಚ್ಚಿಲ್ಲರೀ."

"ಮತ್ತ ಯಾವುದರಾಗ ಅರದಿ?"

"ಹೂರಣದ ಯಂತ್ರದಾಗ. ಶುಭಾ ಮಡೀಲೆ ತೊಳದು ಕೊಟ್ಟಾಳ."

ಇಂದಕ್ಕ ಬಾಗಿಲಲ್ಲಿ ಒದ್ದೆ ಕೂದಲಲ್ಲಿ ನಿಂತಿದ್ದ ಶುಭಾಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು. ಮೊದಲ ಚಮಚಕ್ಕೆ ಕಣ್ಣು ಗಟ್ಟಿಯಾಗಿ ಮುಚ್ಚಿದರು. ಉರಿಯಿತೇನೋ ಎಂದು ನನ್ನ ಜೀವ ಹೋಯಿತು. ಗಂಟಲು ಅಲುಗಿತು. ನುಂಗಿದರು! ಎರಡನೆಯದು. ಮೂರನೆಯದು. ಡಾಕ್ಟರು ಬರುವ ಹೊತ್ತಿಗೆ ಬಟ್ಟಲು ಖಾಲಿ. ಅವರು ನಾಡಿ ನೋಡಿ, "ಮನ್ಯಾಗ ಇರ್ಲಿ, ಇದನ್ನ ಕೊಡ್ರಿ" ಎಂದು ಹೋದರು. ನಾನು ಅಡುಗೆಮನೆಗೆ ಹೋಗಿ ಶುಭಾಳ ಕೈ ಹಿಡಿದುಕೊಂಡೆ. ಆಮೇಲೆ ಯಂತ್ರವನ್ನು ನಾನೇ ತೊಳೆದಿಟ್ಟೆ. (ಸೊಸೆ ಇರುವಾಗ ಅತ್ತೆ ಪಾತ್ರೆ ತೊಳೆದಳು ಎಂದರೆ ನಂಬುತ್ತೀರಾ?)

ತಿರುಗಿ ಬಂದು ಇಂದಕ್ಕನ ಹತ್ತಿರ ಕುಳಿತೆ. ಧೈರ್ಯ ಬಂದಿತ್ತು, ಕೆಣಕಿದೆ: "ಐವತ್ತ ವರ್ಷದಾಗ ಇವತ್ತೊಂದ ದಿನಾ ಆದ್ರೂ, ಕುಸುಮಾನ ಅಡಗಿ ಛಲೋ ಆಗೇದ ಅಂತ ಬಾಯಿಬಿಟ್ಟು ಅನ್ರೆಲಾ!"

ಅವರು ಖಾಲಿ ಬಟ್ಟಲನ್ನು ನನ್ನ ಕೈಗಿಟ್ಟು ಅಂದರು: "ಒಲಿ ಹಚ್ಚಲಿಲ್ಲ, ಒಗ್ಗರಣಿ ಹಾಕಲಿಲ್ಲ, ಇದಕ್ಕೂ ಅಡಗಿ ಅಂತೀ ಏನ? ಮಾತ ಸಾಕು, ಇನ್ನಷ್ಟ ಹಾಕ್ಕೊಂಡ ಬಾ."