ತಲೆಯಾಡಿಸುವ ದೂರದರ್ಶಕ

ನಮ್ಮ ಲ್ಯಾಬಿನಲ್ಲಿ ನಾನು ಅಣಕಿಸದವರಿಲ್ಲ. ಗೈಡ್ ಕನ್ನಡಕ ಒರೆಸುತ್ತಾ "ಇಂಟರೆಸ್ಟಿಂಗ್" ಎನ್ನುವುದನ್ನು ಅವರಿಗಿಂತ ನಾನೇ ಚೆನ್ನಾಗಿ ಹೇಳುತ್ತೇನೆ. ಅಮೆರಿಕದ ಪಾರ್ಸಿಪನಿಯಲ್ಲಿ ಬೆಳೆದ ನನ್ನ ಕನ್ನಡವನ್ನು ಅಣಕಿಸುವುದು ಇನ್ನೂ ಸುಲಭ, ನಾನು ಬಾಯಿ ತೆರೆದರೆ ಸಾಕು. ನನ್ನ ಅಣಕಕ್ಕೆ ಹೆಚ್ಚು ಸಿಕ್ಕಿಬಿದ್ದವರು ಮಾತ್ರ ನಮ್ಮ ಸೀನಿಯರ್, ಧಾರವಾಡದ ಅಕ್ಕ.

ಕಳೆದ ಚಳಿಗಾಲದಲ್ಲಿ ನನಗೊಂದು ಕಪ್ಪುಕುಳಿ ಸಿಕ್ಕಿತು. ಸಿಕ್ಕಿತೆಂದು ನಂಬಿದ್ದೆ. ದೂರದ ಗ್ಯಾಲಕ್ಸಿಯೊಂದರ ಅಂಚಿನಲ್ಲಿ ಎಕ್ಸ್-ರೇ ಸೂಸುವ ಒಂದು ಚುಕ್ಕಿ. ಹೊಳೆಯುವುದು, ಮಂಕಾಗುವುದು, ಮತ್ತೆ ಹೊಳೆಯುವುದು; ಪಕ್ಕದ ನಕ್ಷತ್ರವನ್ನು ನುಂಗುವ ಕಪ್ಪುಕುಳಿ ಹೀಗೆ ಏರಿಳಿಯುವುದುಂಟು. ಸೋಮವಾರ ಇಡೀ ವಿಭಾಗದೆದುರು ನನ್ನ ಮೊದಲ ಟಾಕ್. ಅಲ್ಲಿ ಎಡವಿದರೆ ಚುಕ್ಕಿ ಬೇರೆಯವರ ಪಾಲು ಎಂದು ಗೈಡ್ ಮೊದಲೇ ಹೇಳಿದ್ದರು.

ನಮ್ಮಲ್ಲೊಂದು ರೂಢಿ: ಟಾಕ್‌ಗೆ ಮುಂಚೆ ಒಬ್ಬರಿಗೆ ಎಲ್ಲ ಒಪ್ಪಿಸಬೇಕು, ಅವರು ತಪ್ಪು ಹುಡುಕಿ ನಮ್ಮ ಕಪ್ಪುಕುಳಿಯನ್ನು ಕೊಲ್ಲಲು ನೋಡಬೇಕು. ಭಾನುವಾರ ಬೆಳಿಗ್ಗೆ ಜರ್ಸಿ ಸಿಟಿಯ ಅಕ್ಕನ ಅಪಾರ್ಟ್‌ಮೆಂಟಿಗೆ ಹೋದೆ. ಅವಲಕ್ಕಿ ಕಲಸುತ್ತಾ ಪೂರ್ತಿ ಕೇಳಿದರು.

"ಇಷ್ಟು ತಾಳಬದ್ಧ ಯಾಕ ಅದನೋ ತಮ್ಮಾ?"

"ಟ್ಯಾಲೆಂಟ್ ಅಕ್ಕಾ. ಕಪ್ಪುಕುಳಿಗೂ ಇರುತ್ತೆ."

"ನಿನ್ನ ತಲಿ. ಚುಕ್ಕಿ ಡಿಟೆಕ್ಟರ್ ಮ್ಯಾಲ ಎಲ್ಲಿ ಬಿದ್ದದ, ತೋರಸು."

ತೋರಿಸಿದೆ. ಎಕ್ಸ್-ರೇ ಹಿಡಿಯುವ ಎರಡು ಚಿಪ್‌ಗಳ ನಡುವಿನ ಸಂದಿನ ಪಕ್ಕದಲ್ಲೇ ಇತ್ತು. ನಮ್ಮ ದೂರದರ್ಶಕ ನೆಟ್ಟ ನೋಟ ಇಡುವುದಿಲ್ಲ. ಚಿಪ್‌ನ ಯಾವುದೋ ಒಂದು ಜಾಗದ ದೋಷ ಚಿತ್ರ ಕೆಡಿಸದಿರಲೆಂದು, ಬೇಕೆಂದೇ ಮೆಲ್ಲಗೆ ತಲೆಯಾಡಿಸುತ್ತಿರುತ್ತದೆ. ಆಡಿಸಿದಾಗೆಲ್ಲ ಚುಕ್ಕಿ ಸಂದಿಗೆ ಬಿದ್ದು ಮಂಕಾಗುತ್ತಿತ್ತು. ನಾನು ಕಂಡ ತಾಳ ಅದರ ತಲೆಯಾಟದ್ದೇ.

"ಎಲ್ಲಾರ್ನೂ ಅಣಕಿಸಾಂವ ನೀನು. ದುರ್ಬೀನು ಕಪ್ಪುಕುಳಿ ಅಣಕಿಸಿದ್ರ ಗೊತ್ತಾಗಲಿಲ್ಲೇನು?"

ನಾನು ಲ್ಯಾಪ್‌ಟಾಪ್ ಮುಚ್ಚಹೊರಟೆ. ಅಕ್ಕ ತಟ್ಟೆ ಮುಂದಿಟ್ಟರು. "ತಿನ್ನು. ಆಮ್ಯಾಲ ಹಿಂದಿನ ವರ್ಷಗಳ ಡೇಟಾ ಎಲ್ಲಾ ತಗಿ. ಸಂದಿನಿಂದ ದೂರ ಬಿದ್ದದ್ದಷ್ಟ ನೋಡೂಣು."

ಅವರ ರಜೆಯ ದಿನವೆಲ್ಲ ಅದಕ್ಕೇ ಹೋಯಿತು. ಸಂಜೆಯ ಹೊತ್ತಿಗೆ ತಾಳ ಮಾಯವಾಗಿತ್ತು. ಆದರೆ ವರ್ಷದಿಂದ ವರ್ಷಕ್ಕೆ ಆ ಚುಕ್ಕಿ, ಯಾರ ತಲೆಯಾಟದ ಹಂಗೂ ಇಲ್ಲದೆ, ನಿಜವಾಗಿಯೇ ಏರಿಳಿಯುತ್ತಿತ್ತು. ಕಪ್ಪುಕುಳಿ ಎಂದು ಸಾರುವಂತಿರಲಿಲ್ಲ, ಇರಬಹುದು ಎನ್ನುವಂತಿತ್ತು.

ಸೋಮವಾರ ಗೈಡ್ ಕನ್ನಡಕ ಒರೆಸುತ್ತಾ ಕೇಳಿದ ಮೊದಲ ಪ್ರಶ್ನೆಯೇ ದೂರದರ್ಶಕದ ತಲೆಯಾಟದ್ದು. ಉತ್ತರ ಹೇಳಿದೆ, ಅದನ್ನು ಹಿಡಿದವರು ಯಾರೆಂದೂ ಹೇಳಿದೆ. "ಇಂಟರೆಸ್ಟಿಂಗ್," ಎಂದರು. ನಾನು ಹೇಳುವಷ್ಟು ಚೆನ್ನಾಗೇನೂ ಹೇಳಲಿಲ್ಲ, ಆದರೂ ಚುಕ್ಕಿ ನನ್ನ ಬಳಿಯೇ ಉಳಿಯಿತು.

ಅಕ್ಕನನ್ನು ಅಣಕಿಸುವುದನ್ನು ಬಿಟ್ಟಿಲ್ಲ. ಹೊಸ ಚುಕ್ಕಿಯೊಂದು ಮಿನುಗಿದಾಗೆಲ್ಲ, ಎದುರಿಗೆ ಯಾರೂ ಇಲ್ಲದಿದ್ದರೂ, ಅವರ ದನಿಯಲ್ಲೇ ಗಟ್ಟಿಯಾಗಿ ಕೇಳಿಕೊಳ್ಳುತ್ತೇನೆ: "ಎಲ್ಲಿ ಬಿದ್ದದ, ತೋರಸು."